ಹುಟ್ಟಿನಿಂದಲೇ ಕಾವಲಿಲ್ಲದ ಮಕ್ಕಳು

ಪುಷ್ಯ ನಕ್ಷತ್ರದ ದಿನ ಸ್ವರ್ಣಪ್ರಾಶನಕ್ಕೆಂದು ತಾಯಂದಿರು ಕೂಸುಗಳನ್ನು ಕಂಕುಳಲ್ಲಿರಿಸಿಕೊಂಡು ಸಾಲಿನಲ್ಲಿ ನಿಲ್ಲುತ್ತಾರೆ. ಆ ಸಾಲಿನ ತುದಿಯಲ್ಲಿ ಕುಳಿತು ನಾವು ಬಹಳ ವರ್ಷ ಹನಿ ಹಾಕಿದ್ದೇವೆ. ಅಲ್ಲಿ ಕೇಳಿಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: “ಡಾಕ್ಟರ್, ಈ ಕೂಸಿಗೆ ತಿಂಗಳಾ ತಿಂಗಳಾ ನೆಗಡಿ ಜ್ವರ ತಪ್ಪಂಗಿಲ್ಲ, ಮೈಯಾಗ ಕಸುವು ಇಲ್ಲೇನು?” ಅಂಗನವಾಡಿಗೆ ಹೋಗತೊಡಗಿದ ಮಗುವಿಗೆ ವರ್ಷದಲ್ಲಿ ಆರೆಂಟು ಬಾರಿ ನೆಗಡಿಯಾಗುವುದು ಸಹಜವೆಂದೂ, ತೂಕ ಏರುತ್ತಿದ್ದರೆ, ಜ್ವರ ಬಿಟ್ಟ ಮೇಲೆ ಮಗು ಆಡಿಕೊಂಡಿದ್ದರೆ ಚಿಂತಿಸಬೇಕಿಲ್ಲವೆಂದೂ ನಾವು ಹೇಳುತ್ತೇವೆ. ಆ ಉತ್ತರ ಬಹುಮಟ್ಟಿಗೆ ಎಲ್ಲ ಮಕ್ಕಳ ವಿಷಯದಲ್ಲಿಯೂ ಸರಿಯಾದದ್ದೇ. ಆದರೆ ಎಲ್ಲ ಮಕ್ಕಳ ವಿಷಯದಲ್ಲಿ ಅಲ್ಲ. ಅದನ್ನು ನಾವು ಪುಸ್ತಕದಿಂದ ಕಲಿಯಲಿಲ್ಲ, ನಮ್ಮದೇ ತಪ್ಪಿನಿಂದ ಕಲಿತೆವು.

ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾಲ್ಕು ವರ್ಷದ ಗಂಡುಮಗುವೊಂದು ನಮ್ಮ ಚಿಕಿತ್ಸೆಯಲ್ಲಿತ್ತು. ಒಂದೂವರೆ ವರ್ಷದಲ್ಲಿ ಮೂರು ಬಾರಿ ನ್ಯುಮೋನಿಯಾ ಆಗಿ ಅಲೋಪತಿ ಆಸ್ಪತ್ರೆಗೆ ಸೇರಿ ಬಂದಿತ್ತು. ಕಿವಿಯಿಂದ ಕೀವು ಸುರಿಯುವುದು ನಿಂತಿರಲಿಲ್ಲ. ಒಮ್ಮೆ ಮೊಣಕಾಲು ಬಾತುಕೊಂಡಿತ್ತು. “ಆ್ಯಂಟಿಬಯೋಟಿಕ್ ಕೊಟ್ಟು ಕೊಟ್ಟು ಮಗುವಿನ ಶಕ್ತಿಯೆಲ್ಲ ಹೋಗಿದೆ, ನೀವೇ ಬಲ ಬರುವಂಥದ್ದು ಕೊಡಿ” ಎಂದು ಮನೆಯವರು ಕೇಳಿಕೊಂಡರು. ನಮಗೂ ಆ ಮಾತು ಹಿತವಾಗಿಯೇ ಕೇಳಿಸಿತೆಂದು ಒಪ್ಪಿಕೊಳ್ಳಬೇಕು. ಸಿತೋಪಲಾದಿ, ಬಾಲಚಾತುರ್ಭದ್ರ, ಮೇಲೆ ಸ್ವರ್ಣಪ್ರಾಶನ. ಹೀಗೆ ಹದಿನಾಲ್ಕು ತಿಂಗಳು ಕಳೆದವು. ಆ ತಾಯಿ ಒಂದು ಸಲ ತನ್ನ ಇಬ್ಬರು ತಮ್ಮಂದಿರು ಚಿಕ್ಕಂದಿನಲ್ಲೇ “ಎದೆಯಾಗ ಕಫಾ ತುಂಬಿ” ತೀರಿಹೋದರೆಂದು ಹೇಳಿದ್ದಳು. ನಾವು ಅದನ್ನು ಕೇಳಿಸಿಕೊಂಡೆವು, ಬರೆದುಕೊಳ್ಳಲಿಲ್ಲ. ಹಳ್ಳಿಗಳಲ್ಲಿ ಹಿಂದೆ ಮಕ್ಕಳು ಸಾಯುತ್ತಿದ್ದುದು ಹೊಸದೇನಲ್ಲವಲ್ಲ ಎಂಬ ಭಾವನೆ.

ನಾಲ್ಕನೆಯ ಬಾರಿ ಮಗು ಆಸ್ಪತ್ರೆಗೆ ಸೇರಿದಾಗ ಅಲ್ಲಿದ್ದ ತರುಣ ಮಕ್ಕಳ ವೈದ್ಯರೊಬ್ಬರು ಟಾರ್ಚು ಹಿಡಿದು ಬಾಯೊಳಗೆ ನೋಡಿ, “ಇವನಿಗೆ ಟಾನ್ಸಿಲ್ ಇಲ್ಲ” ಎಂದರು. ಶಸ್ತ್ರಚಿಕಿತ್ಸೆಯಾಗಿರಲಿಲ್ಲ. ಇಷ್ಟು ಸಲ ಗಂಟಲು, ಕಿವಿ, ಎದೆಯ ಸೋಂಕು ಬಂದ ಮಗುವಿನಲ್ಲಿ ಟಾನ್ಸಿಲ್ ದಪ್ಪವಾಗಿರಬೇಕೇ ಹೊರತು ಇಲ್ಲದಿರಲಾಗದು. ನಾವು ಅದೇ ಬಾಯಿಗೆ ಹದಿನಾಲ್ಕು ತಿಂಗಳು ಹನಿ ಹಾಕಿದ್ದೆವು. ರಕ್ತದ ಮಾದರಿ ಬೇರೆ ಊರಿಗೆ ಹೋಯಿತು. ಇಮ್ಯುನೋಗ್ಲಾಬ್ಯುಲಿನ್ ಎನ್ನುವ ಪ್ರತಿಕಾಯಗಳು ಆ ರಕ್ತದಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಿದ್ದವು. ಅವನ್ನು ಹುಟ್ಟಿಸುವ ಬಿ ಕಣಗಳೇ ಇರಲಿಲ್ಲ.

ಈ ರೋಗಕ್ಕೆ ಬ್ರೂಟನ್ ಕಾಯಿಲೆ ಎಂದು ಹೆಸರು. 1952ರಲ್ಲಿ ಅಮೆರಿಕದ ವಾಲ್ಟರ್ ರೀಡ್ ಸೈನಿಕ ಆಸ್ಪತ್ರೆಯಲ್ಲಿ ಆಗ್ಡನ್ ಬ್ರೂಟನ್ ಎಂಬ ಮಕ್ಕಳ ವೈದ್ಯರು ಎಂಟು ವರ್ಷದ ಹುಡುಗನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಆ ಹುಡುಗನಿಗೆ ಹತ್ತೊಂಬತ್ತು ಬಾರಿ ತೀವ್ರ ಸೋಂಕು ತಗುಲಿತ್ತು. ರಕ್ತದ ಪ್ರೋಟೀನುಗಳನ್ನು ವಿದ್ಯುತ್ತಿನಿಂದ ಬೇರ್ಪಡಿಸಿ ತೋರಿಸುವ ಯಂತ್ರ ಆಗಿನ್ನೂ ಹೊಸದು. ಅದರಲ್ಲಿ ನೋಡಿದಾಗ ಗ್ಯಾಮಾ ಗ್ಲಾಬ್ಯುಲಿನ್ ಇರಬೇಕಾದ ಜಾಗ ಬರಿದಾಗಿತ್ತು. ಬ್ರೂಟನ್ ಅವರು ಇನ್ನೊಬ್ಬರ ರಕ್ತದಿಂದ ತೆಗೆದ ಅದೇ ಅಂಶವನ್ನು ತಿಂಗಳಿಗೊಮ್ಮೆ ಚುಚ್ಚಿದರು, ಸೋಂಕುಗಳು ನಿಂತವು. ಇಂದಿಗೂ ಚಿಕಿತ್ಸೆಯ ತತ್ತ್ವ ಅದೇ. ದೋಷವಿರುವ ಜೀನು ಯಾವುದೆಂದು ತಿಳಿಯಲು ಮತ್ತೆ ನಾಲ್ವತ್ತೊಂದು ವರ್ಷ ಬೇಕಾಯಿತು. 1993ರಲ್ಲಿ ಎರಡು ಬೇರೆ ಬೇರೆ ತಂಡಗಳು ಅದನ್ನು ಕಂಡುಹಿಡಿದವು. ಎಕ್ಸ್ ವರ್ಣತಂತುವಿನ ಮೇಲಿರುವ ಜೀನು ಅದಾದ್ದರಿಂದ ರೋಗ ಗಂಡುಮಕ್ಕಳಿಗೆ ಬರುತ್ತದೆ, ತಾಯಿಯ ಕಡೆಯಿಂದ ಬರುತ್ತದೆ. ನಮ್ಮ ಆ ತಾಯಿಯ ತಮ್ಮಂದಿರಿಬ್ಬರ ಸಾವು ಬರೆದುಕೊಳ್ಳಲೇಬೇಕಾಗಿದ್ದ ಮಾತಾಗಿತ್ತು.

ಸಹಜ ಬಲ, ಯುಕ್ತಿಕೃತ ಬಲ

ಆಯುರ್ವೇದವನ್ನೇ ಓದಿದ ನಮಗೆ ಇದು ಹೊಳೆಯಬೇಕಾಗಿತ್ತು. ಚರಕಾಚಾರ್ಯರು ಬಲವನ್ನು ಮೂರಾಗಿ ಹೇಳುತ್ತಾರೆ: ಹುಟ್ಟಿನೊಂದಿಗೆ ಬರುವ ಸಹಜ ಬಲ, ಋತು-ವಯಸ್ಸುಗಳಿಂದ ಬರುವ ಕಾಲಜ ಬಲ, ಆಹಾರ-ವಿಹಾರ-ಔಷಧಗಳಿಂದ ಸಂಪಾದಿಸುವ ಯುಕ್ತಿಕೃತ ಬಲ. ಸುಶ್ರುತಾಚಾರ್ಯರು ರೋಗಗಳನ್ನು ವಿಂಗಡಿಸುವಾಗ ತಂದೆತಾಯಿಯರ ಬೀಜದೋಷದಿಂದ ಬರುವಂಥವನ್ನು ಆದಿಬಲಪ್ರವೃತ್ತವೆಂದು ಬೇರೆಯಾಗಿ ಇರಿಸುತ್ತಾರೆ. ರಸಾಯನ ಚಿಕಿತ್ಸೆಯ ವ್ಯಾಪ್ತಿ ಮೂರನೆಯ ಬಲಕ್ಕೆ ಸೇರಿದ್ದು. ಮೊದಲನೆಯದರಲ್ಲಿಯೇ ಒಂದು ಕಣ ಹುಟ್ಟದಂತಿದ್ದರೆ, ಚ್ಯವನಪ್ರಾಶದಿಂದ ಆ ಕಣವನ್ನು ಹುಟ್ಟಿಸಲಾಗದು. ಕೊರೋನಾ ಕಾಲದಿಂದೀಚೆಗೆ “ಇಮ್ಯುನಿಟಿ ಹೆಚ್ಚಿಸುವ” ಕಷಾಯ, ಲೇಹ್ಯ, ಮಾತ್ರೆಗಳ ಜಾಹೀರಾತು ಕಂಡಾಗಲೆಲ್ಲ ನಮಗೆ ಆ ಟಾನ್ಸಿಲ್ ಇಲ್ಲದ ಗಂಟಲು ನೆನಪಾಗುತ್ತದೆ. ನಮ್ಮ ವೃತ್ತಿಬಾಂಧವರು ಮುನಿಸಿಕೊಂಡರೂ ಚಿಂತೆಯಿಲ್ಲ. ಶಾಸ್ತ್ರವೇ ಬೇರೆ ಬೇರೆಯೆಂದು ಹೇಳಿದ್ದನ್ನು ನಾವು ಅಂಗಡಿಯ ಅನುಕೂಲಕ್ಕೆ ಒಂದಾಗಿಸಬಾರದು.

ಹುಟ್ಟಿನಿಂದ ಬರುವ ಇಂತಹ ರೋಗನಿರೋಧಕ ದೋಷಗಳು ಒಂದೆರಡಲ್ಲ. ಜಾಗತಿಕ ತಜ್ಞರ ಸಮಿತಿಯೊಂದು ಇವುಗಳ ಪಟ್ಟಿಯನ್ನು ಎರಡು-ಮೂರು ವರ್ಷಗಳಿಗೊಮ್ಮೆ ಪರಿಷ್ಕರಿಸುತ್ತದೆ. 2022ರ ಪಟ್ಟಿಯಲ್ಲಿ 485 ದೋಷಗಳಿದ್ದವು, 2024ರ ಪಟ್ಟಿಯಲ್ಲಿ 555. ಕೆಲವು ಸೌಮ್ಯ. ಕೆಲವು ಮಗುವಿನ ಮೊದಲ ವರ್ಷವನ್ನೂ ದಾಟಗೊಡದಷ್ಟು ಘೋರ. ಘೋರವಾದವುಗಳಲ್ಲಿ ಮುಖ್ಯವಾದದ್ದು ತೀವ್ರ ಸಂಯುಕ್ತ ರೋಗನಿರೋಧಕ ಕೊರತೆ, ಇಂಗ್ಲಿಷಿನ ಅಕ್ಷರಗಳನ್ನು ಕೂಡಿಸಿ ವೈದ್ಯರು ‘ಸ್ಕಿಡ್’ ಎನ್ನುತ್ತಾರೆ. ಇದರಲ್ಲಿ ರಕ್ಷಣೆಯ ದಂಡನಾಯಕನಂತಿರುವ ಟಿ ಕಣಗಳೇ ಇರುವುದಿಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ 1971ರಲ್ಲಿ ಹುಟ್ಟಿದ ಡೇವಿಡ್ ವೆಟರ್ ಎಂಬ ಬಾಲಕನಿಗೆ ಈ ರೋಗವಿತ್ತು. ಗಾಳಿಯೂ ಶುದ್ಧೀಕರಣಗೊಂಡು ಬರುವ ಪ್ಲಾಸ್ಟಿಕ್ ಕೋಶದೊಳಗೆ ಅವನು ಹನ್ನೆರಡು ವರ್ಷ ಬದುಕಿದ. ಅಕ್ಕನ ಅಸ್ಥಿಮಜ್ಜೆ ಕಸಿ ಮಾಡಿದ ಕೆಲವು ತಿಂಗಳಲ್ಲಿ, 1984ರ ಫೆಬ್ರವರಿಯಲ್ಲಿ ತೀರಿಕೊಂಡ. ಕಸಿ ಎಲ್ಲರಲ್ಲೂ ಹಾಗೆ ಸೋಲುತ್ತಿತ್ತೆಂದು ತಿಳಿಯಬಾರದು. ಡೇವಿಡ್ ಹುಟ್ಟುವುದಕ್ಕೆ ಮೂರು ವರ್ಷ ಮೊದಲೇ, 1968ರಲ್ಲಿ, ಮಿನ್ನೆಸೋಟದ ರಾಬರ್ಟ್ ಗುಡ್ ಅವರು ಇದೇ ರೋಗದ ಗಂಡುಕೂಸೊಂದಕ್ಕೆ ಸೋದರಿಯ ಅಸ್ಥಿಮಜ್ಜೆ ಕೊಟ್ಟು ಬದುಕಿಸಿದ್ದರು. ಸೋದರಿಯ ಮಜ್ಜೆ ಹೊಂದಿತ್ತು. ಡೇವಿಡ್‌ಗೆ ಪೂರ್ಣ ಹೊಂದುವವರು ಯಾರೂ ಇರಲಿಲ್ಲ.

ಒಬ್ಬರಿಗೆ ಅರ್ಥವಾಗದ ರೋಗ

ಒಬ್ಬ ವೈದ್ಯ ಕಾಮಾಲೆಯನ್ನು ಹೇಗೆ ಕಲಿಯುತ್ತಾನೆ? ನೂರು ಕಾಮಾಲೆ ರೋಗಿಗಳನ್ನು ನೋಡಿ. ಸ್ಕಿಡ್ ರೋಗವನ್ನು ಹಾಗೆ ಕಲಿಯಲಾಗದು. ಅಮೆರಿಕದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಪರೀಕ್ಷಿಸಿದಾಗ ಸಿಕ್ಕಿದ ಸ್ಕಿಡ್ ಶಿಶುಗಳು ಐವತ್ತೆರಡು. ಅಂದರೆ ಐವತ್ತೆಂಟು ಸಾವಿರ ಹೆರಿಗೆಗೆ ಒಂದು. ಅತಿ ದೊಡ್ಡ ಆಸ್ಪತ್ರೆಗೂ ವರ್ಷಕ್ಕೆ ಬೆರಳೆಣಿಕೆಯಷ್ಟು ಮಕ್ಕಳು ಬಂದರೆ ಹೆಚ್ಚು. ಅವರಲ್ಲಿ ಒಬ್ಬರ ದೋಷ ಒಂದು ಜೀನಿನದು, ಇನ್ನೊಬ್ಬರದು ಮತ್ತೊಂದರದು. ಈ ಮಗುವಿಗೆ ಕೊಟ್ಟ ಚಿಕಿತ್ಸೆ ಫಲಿಸಿತು, ಆ ಮಗುವಿಗೆ ಫಲಿಸಲಿಲ್ಲ ಎಂದರೆ, ಅದು ಚಿಕಿತ್ಸೆಯ ಗುಣವೋ, ಜೀನಿನ ಗುಣವೋ, ದೈವವೋ, ಒಂದು ಆಸ್ಪತ್ರೆಯ ಕಡತ ಹಿಡಿದು ಹೇಳಲು ಸಾಧ್ಯವಿಲ್ಲ. ಬಹುಕಾಲ ವೈದ್ಯರು ಹಾಗೆಯೇ, ತಮಗೆ ತೋಚಿದಂತೆ ಚಿಕಿತ್ಸೆ ಮಾಡುತ್ತಿದ್ದರು. ಆಸ್ಪತ್ರೆಗಳು ತಮ್ಮ ಕಡತಗಳನ್ನು ಬಿಚ್ಚಿ ಒಂದೆಡೆ ಇರಿಸಿದಾಗಲೇ ಬೆಳಕು ಕಂಡಿತು.

ಅದಕ್ಕೆ ಹಳೆಯದೊಂದು ದೃಷ್ಟಾಂತವಿದೆ. ಕ್ರಾನಿಕ್ ಗ್ರಾನ್ಯುಲೊಮೇಟಸ್ ಎಂಬ ರೋಗದಲ್ಲಿ ಬಿಳಿರಕ್ತಕಣಗಳು ಕ್ರಿಮಿಯನ್ನು ನುಂಗುತ್ತವೆ, ಆದರೆ ಕೊಲ್ಲಲಾರವು. ಇಂತಹ ಮಕ್ಕಳಿಗೆ ಗ್ಯಾಮಾ ಇಂಟರ್‌ಫೆರಾನ್ ಕೊಟ್ಟರೆ ಉಪಯೋಗವಿದೆಯೇ ಎಂಬ ಪ್ರಶ್ನೆ ಎದ್ದಿತು. ಹಲವು ದೇಶಗಳ ಆಸ್ಪತ್ರೆಗಳು ಒಂದೇ ವಿಧಿಯನ್ನು ಒಪ್ಪಿಕೊಂಡು 128 ರೋಗಿಗಳನ್ನು ಸೇರಿಸಿದವು. ಅರ್ಧದಷ್ಟು ಜನರಿಗೆ ನಿಜವಾದ ಔಷಧ, ಉಳಿದವರಿಗೆ ಹುಸಿ ಚುಚ್ಚುಮದ್ದು. ಯಾರಿಗೆ ಯಾವುದೆಂದು ರೋಗಿಗೂ ಗೊತ್ತಿಲ್ಲ, ವೈದ್ಯನಿಗೂ ಗೊತ್ತಿಲ್ಲ. 1991ರಲ್ಲಿ ಫಲಿತಾಂಶ ಬಂತು. ಔಷಧ ಪಡೆದ 63 ಜನರಲ್ಲಿ 14 ಮಂದಿಗೆ ಗಂಭೀರ ಸೋಂಕಾಯಿತು, ಹುಸಿಮದ್ದಿನ 65 ಜನರಲ್ಲಿ 30 ಮಂದಿಗೆ. ನಮ್ಮ ಪದ್ಧತಿಯಲ್ಲಿ “ಅನುಭವದಿಂದ ಹೇಳುತ್ತೇವೆ” ಎಂಬ ಮಾತು ಹೆಚ್ಚು. ಅನುಭವ ಬೇಡವೆನ್ನುವವರು ನಾವಲ್ಲ. ಆದರೆ ಇಂತಹ ಎಣಿಕೆಯ ಮುಂದೆ ಒಬ್ಬನ ಅನುಭವ ಎಷ್ಟರದ್ದು ಎಂದು ಈ ವಯಸ್ಸಿನಲ್ಲಿ ಅನ್ನಿಸುತ್ತದೆ.

ಇದಕ್ಕಿಂತ ದೊಡ್ಡ ಕೂಟ 2009ರಲ್ಲಿ ಆರಂಭವಾಯಿತು. ಅಮೆರಿಕ ಮತ್ತು ಕೆನಡಾಗಳ ಮಕ್ಕಳ ಆಸ್ಪತ್ರೆಗಳು ಸೇರಿ ರೋಗನಿರೋಧಕ ಕೊರತೆಯ ಚಿಕಿತ್ಸೆಗೆಂದೇ ಒಂದು ಒಕ್ಕೂಟ ಕಟ್ಟಿಕೊಂಡವು. ಮೊದಲ ಕೆಲಸ ನೋಡಲು ಸಣ್ಣದು: ಯಾವ ಮಗುವನ್ನು ಸ್ಕಿಡ್ ಎನ್ನಬೇಕು ಎಂಬುದಕ್ಕೆ ಎಲ್ಲರಿಗೂ ಒಂದೇ ಲಕ್ಷಣವನ್ನು ನಿಶ್ಚಯಿಸುವುದು. ಬೇರೆ ಬೇರೆ ಅಳತೆಯ ಸೇರಿನಿಂದ ಅಳೆದ ಜೋಳವನ್ನು ಕೂಡಿ ಲೆಕ್ಕ ಹಾಕಲಾಗದು ಎಂಬುದು ನಮ್ಮ ಸಂತೆಯ ಯಾವ ರೈತನಿಗೂ ಗೊತ್ತು. ಆ ಮೇಲೆ ಹಳೆಯ ಕಡತಗಳನ್ನು ತೆಗೆದರು. 2000ದಿಂದ 2009ರವರೆಗೆ 25 ಕೇಂದ್ರಗಳಲ್ಲಿ ಕಸಿಯಾದ 240 ಮಕ್ಕಳ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಮೂರೂವರೆ ತಿಂಗಳೊಳಗೆ ಕಸಿಯಾದ ಶಿಶುಗಳಲ್ಲಿ ನೂರಕ್ಕೆ 94 ಬದುಕಿದ್ದವು. ಅದಕ್ಕಿಂತ ದೊಡ್ಡ ಮಕ್ಕಳಲ್ಲಿಯೂ ಸೋಂಕು ತಗುಲುವ ಮೊದಲೇ ಕಸಿಯಾಗಿದ್ದರೆ 90. ತಗುಲಿದ ಸೋಂಕು ವಾಸಿಯಾದ ಮೇಲೆ ಆಗಿದ್ದರೆ 82. ಸೋಂಕು ಮೈಯಲ್ಲಿರುವಾಗಲೇ ಕಸಿ ಮಾಡಬೇಕಾಗಿ ಬಂದ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಾತ್ರ.

ಈ ಅಂಕಿಗಳನ್ನು ಮತ್ತೊಮ್ಮೆ ಓದಬೇಕೆಂದು ಕೋರುತ್ತೇವೆ. ಔಷಧ ಯಾವುದು, ಯಂತ್ರ ಯಾವುದು ಎಂಬುದಕ್ಕಿಂತ ಮಗುವಿನ ರೋಗ ಎಷ್ಟು ಬೇಗ ತಿಳಿಯಿತು ಎಂಬುದು ಅಲ್ಲಿ ಜೀವವನ್ನು ತೂಗಿದೆ. ಇದನ್ನು ಕಂಡ ಮೇಲೆ ನವಜಾತ ಶಿಶುಗಳ ಪರೀಕ್ಷೆಗೆ ವೇಗ ಬಂತು. ಜೆನ್ನಿಫರ್ ಪಕ್ ಎಂಬ ವೈದ್ಯವಿಜ್ಞಾನಿ ತಮ್ಮ ಸಹೋದ್ಯೋಗಿಗಳೊಂದಿಗೆ ಒಂದು ಉಪಾಯ ಕಂಡುಹಿಡಿದಿದ್ದರು. ಹುಟ್ಟಿದ ಒಂದೆರಡು ದಿನಗಳಲ್ಲಿ ಹಿಮ್ಮಡಿಯಿಂದ ತೆಗೆದು ಕಾಗದದ ಮೇಲೆ ಒಣಗಿಸಿದ ರಕ್ತದ ತೊಟ್ಟಿನಲ್ಲಿಯೇ ಹೊಸ ಟಿ ಕಣಗಳ ಗುರುತನ್ನು ಎಣಿಸಬಹುದು. ಅದು ಇಲ್ಲವೆಂದರೆ ಮಗುವಿಗೆ ಟಿ ಕಣಗಳೂ ಇಲ್ಲ. ವಿಸ್ಕಾನ್ಸಿನ್ ರಾಜ್ಯ 2008ರಲ್ಲಿ ಇದನ್ನು ಎಲ್ಲ ಶಿಶುಗಳಿಗೂ ಆರಂಭಿಸಿತು. 2018ರ ಕೊನೆಗೆ ಅಮೆರಿಕದ ಐವತ್ತು ರಾಜ್ಯಗಳೂ ಸೇರಿದವು. ಅದೇ ಒಕ್ಕೂಟ 1982ರಿಂದ 2018ರವರೆಗಿನ 902 ಮಕ್ಕಳ ಲೆಕ್ಕವನ್ನು 2023ರಲ್ಲಿ ಹೊರತಂದಿತು. ಇಪ್ಪತ್ತೆಂಟು ವರ್ಷ ಕಾಲ ಐದು ವರ್ಷ ಬದುಕಿದವರ ಪ್ರಮಾಣ ನೂರಕ್ಕೆ 72-73ರಲ್ಲಿಯೇ ನಿಂತಿತ್ತು. 2010ರಿಂದೀಚೆಗೆ ಅದು 87ಕ್ಕೆ ಏರಿತು. ಹುಟ್ಟಿದ ಕೂಡಲೆ ಪರೀಕ್ಷೆಯಿಂದ ಪತ್ತೆಯಾದ ಮಕ್ಕಳಲ್ಲಿ 92.5.

ಕೂಡಿ ಕೆಲಸ ಮಾಡಿದಾಗ ಸೋಲೂ ಬೇಗ ತಿಳಿಯುತ್ತದೆ. ದೋಷವಿರುವ ಜೀನನ್ನೇ ಸರಿಪಡಿಸುವ ಚಿಕಿತ್ಸೆಯನ್ನು ಪ್ಯಾರಿಸ್ಸಿನ ನೆಕರ್ ಆಸ್ಪತ್ರೆಯಲ್ಲಿ ಅಲೇನ್ ಫಿಶರ್, ಮರೀನಾ ಕವಜ್ಜಾನ ಮೊದಲಾದವರು 1999ರಲ್ಲಿ ಕೈಗೊಂಡಿದ್ದರು, ಲಂಡನ್ನಿನಲ್ಲಿಯೂ ಅಂಥದೇ ಪ್ರಯೋಗ ನಡೆಯಿತು. ಮಕ್ಕಳು ಚೇತರಿಸಿಕೊಂಡರು. ಆ ಬಳಿಕ ಎರಡೂ ಕಡೆಯ ಇಪ್ಪತ್ತು ಮಕ್ಕಳಲ್ಲಿ ಐವರಿಗೆ ರಕ್ತದ ಕ್ಯಾನ್ಸರ್ ಬಂತು. ಮುಚ್ಚಿಡಬಹುದಾಗಿದ್ದ ಸಂಗತಿಯನ್ನು ಅವರು ಮುಚ್ಚಿಡಲಿಲ್ಲ. ಜೀನನ್ನು ಹೊತ್ತೊಯ್ಯುವ ವೈರಾಣುವಿನ ಯಾವ ಭಾಗ ಕೆಡುಕು ಮಾಡಿತೆಂದು ಹುಡುಕಿ, ಅದನ್ನು ತೆಗೆದು, ಯುರೋಪ್ ಮತ್ತು ಅಮೆರಿಕದ ಆಸ್ಪತ್ರೆಗಳು ಒಟ್ಟಾಗಿ ಹೊಸ ಪ್ರಯೋಗ ನಡೆಸಿ 2014ರಲ್ಲಿ ವರದಿ ಮಾಡಿದವು.

ನಮ್ಮ ದೇಶದ ಲೆಕ್ಕ

ಭಾರತದಲ್ಲಿ ಈ ಕೆಲಸ ತಡವಾಗಿ ಮೊದಲಾಯಿತು. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆ ಮತ್ತು ಮುಂಬಯಿಯ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆಗಳು ಇದರ ಎರಡು ಕಂಬಗಳು. ಹಾಂಗ್‌ಕಾಂಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಯು ಲುಂಗ್ ಲಾವ್ ಅವರ ತಂಡ ಏಷ್ಯಾದ ಅನೇಕ ದೇಶಗಳ ಮಕ್ಕಳ ರಕ್ತಮಾದರಿಗಳಿಗೆ ಜೀನು ಪರೀಕ್ಷೆ ಮಾಡಿಕೊಟ್ಟಿತು; ನಮ್ಮಲ್ಲಿ ಆ ಸೌಲಭ್ಯ ಇನ್ನೂ ಬೆಳೆಯದಿದ್ದ ಕಾಲದಲ್ಲಿ ಚಂಡೀಗಢದ ಮಾದರಿಗಳೂ ಅಲ್ಲಿಗೆ ಹೋಗುತ್ತಿದ್ದವು. ಬೆಂಗಳೂರಿನಲ್ಲಿಯೂ ಈಗ ಮಕ್ಕಳ ಇಮ್ಯುನಾಲಜಿಯನ್ನೇ ವಿಶೇಷವಾಗಿ ಓದಿದ ವೈದ್ಯರಿದ್ದಾರೆ.

2021ರಲ್ಲಿ ಭಾರತದ ಕೇಂದ್ರಗಳು ತಮ್ಮ ಕಡತಗಳನ್ನು ಕೂಡಿಸಿ ಎರಡು ಮುಖ್ಯ ವರದಿಗಳನ್ನು ಪ್ರಕಟಿಸಿದವು. ಒಂದು ಬ್ರೂಟನ್ ಕಾಯಿಲೆಯದು. ಹನ್ನೆರಡು ಕೇಂದ್ರಗಳಿಂದ 195 ಜನರ ವಿವರ ಬಂತು. ಒಂದೇ ಒರೆಗಲ್ಲಿಗೆ ಹಚ್ಚಿದಾಗ 145 ಉಳಿದವು. ಆ ಮಕ್ಕಳಿಗೆ ಕಾಯಿಲೆಯ ಮೊದಲ ಲಕ್ಷಣ ಕಂಡದ್ದು ಹೆಚ್ಚಾಗಿ ಒಂದು ವರ್ಷದ ಆಸುಪಾಸಿನಲ್ಲಿ. ರೋಗದ ಹೆಸರು ತಿಳಿದದ್ದು ಐದು ವರ್ಷದ ಆಸುಪಾಸಿನಲ್ಲಿ. ನಡುವಿನ ನಾಲ್ಕು ವರ್ಷ ಅವರು ನಮ್ಮಂಥವರ ಬಾಗಿಲುಗಳಲ್ಲಿ ಕಳೆದಿದ್ದರು. ಐವರಲ್ಲಿ ನಾಲ್ವರಿಗೂ ಹೆಚ್ಚು ಮಕ್ಕಳಿಗೆ ನ್ಯುಮೋನಿಯಾ ಆಗಿತ್ತು, ಅರ್ಧದಷ್ಟು ಮಕ್ಕಳ ಕಿವಿ ಸೋರುತ್ತಿತ್ತು, ನಾಲ್ವರಲ್ಲಿ ಒಬ್ಬರಿಗೆ ಕೀಲು ಬಾತಿತ್ತು. ನಮ್ಮ ಆ ಹುಡುಗನಿಗೆ ಮೂರೂ ಇದ್ದವು.

ಇನ್ನೊಂದು ವರದಿ ಸ್ಕಿಡ್ ರೋಗದ್ದು. ದೇಶದ ನಾನಾ ಆಸ್ಪತ್ರೆಗಳ 277 ಮಕ್ಕಳು. ಲಕ್ಷಣ ಕಂಡದ್ದು ಸುಮಾರು ಎರಡೂವರೆ ತಿಂಗಳಿಗೆ, ರೋಗ ಗುರುತಾದದ್ದು ಐದು ತಿಂಗಳಿಗೆ. ಕಸಿ ಚಿಕಿತ್ಸೆ ದೊರೆತದ್ದು ಕೇವಲ 23 ಮಕ್ಕಳಿಗೆ. ಅವರಲ್ಲಿ 11 ಮಂದಿ ಬದುಕಿದ್ದರು. ಉಳಿದವರಲ್ಲಿ ಬಹುಪಾಲು ಮಕ್ಕಳು ಕಸಿಯ ಮಾತು ಬರುವ ಮೊದಲೇ ತೀರಿಹೋದರು. ಸಾಗರದಾಚೆ ನೂರಕ್ಕೆ ತೊಂಬತ್ತು ಬದುಕುತ್ತಿರುವ ಅದೇ ರೋಗ. ಈ ಲೆಕ್ಕವನ್ನು ಪ್ರಕಟಿಸಿದ ವೈದ್ಯರ ಬಗ್ಗೆ ನಮಗೆ ಗೌರವವಿದೆ. ತಮ್ಮ ವಾರ್ಡುಗಳಲ್ಲಿ ಸತ್ತ ಮಕ್ಕಳನ್ನು ಎಣಿಸಿ ಲೋಕದ ಮುಂದಿರಿಸುವುದು ಸುಲಭದ ಕೆಲಸವಲ್ಲ.

ಆ ವರದಿಯಲ್ಲಿ ನಮ್ಮ ಸೀಮೆಯವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪಾಶ್ಚಾತ್ಯ ದೇಶಗಳಲ್ಲಿ ತಾಯಿಯ ಎಕ್ಸ್ ವರ್ಣತಂತುವಿನಿಂದ ಬರುವ ಸ್ಕಿಡ್ ಬಗೆಯೇ ಎದ್ದು ಕಾಣುತ್ತದೆ. ನಮ್ಮಲ್ಲಿ ಅದು ಇದೆ, ಆದರೆ ತಂದೆ-ತಾಯಿ ಇಬ್ಬರಿಂದಲೂ ಒಂದೊಂದು ದೋಷದ ಪ್ರತಿ ಬಂದಾಗ ಮಾತ್ರ ತೋರುವ ಬಗೆಗಳನ್ನು ಕೂಡಿಸಿದರೆ ಅವೇ ಹೆಚ್ಚು. ಅಂತಹ ದೋಷ ನೂರಾರು ವರ್ಷ ಒಂದು ಮನೆತನದಲ್ಲಿ ಸದ್ದಿಲ್ಲದೆ ಸಾಗಿಬರಬಹುದು. ಒಂದೇ ಮನೆತನದ ಇಬ್ಬರು ಮದುವೆಯಾದಾಗ ಹೊರಬೀಳುತ್ತದೆ. 1980ರ ದಶಕದಲ್ಲಿ ಕರ್ನಾಟಕದ ಅರವತ್ತೈದು ಸಾವಿರಕ್ಕೂ ಹೆಚ್ಚು ದಾಂಪತ್ಯಗಳನ್ನು ಅಧ್ಯಯನ ಮಾಡಿದಾಗ ಮೂರರಲ್ಲೊಂದು ರಕ್ತಸಂಬಂಧದೊಳಗಿನ ಮದುವೆಯಾಗಿತ್ತು. ಸೋದರಮಾವ-ಸೊಸೆ, ಅತ್ತೆಯ ಮಗ-ಮಾವನ ಮಗಳು. ಒಂದೇ ಬೆಡಗಿನಲ್ಲಿ ಮದುವೆ ಮಾಡುವುದಿಲ್ಲ, ಹಾಗಾಗಿ ನಮ್ಮಲ್ಲಿ ದೋಷವಿಲ್ಲ ಎಂದು ಹಿರಿಯರು ನಮ್ಮೊಡನೆ ವಾದಿಸುವುದುಂಟು. ಬೆಡಗು ತಂದೆಯ ಸಾಲನ್ನು ಮಾತ್ರ ಎಣಿಸುತ್ತದೆ. ಜೀನು ತಾಯಿಯ ಕಡೆಯಿಂದಲೂ ಬರುತ್ತದೆ. ಸೋದರಮಾವ ಮತ್ತು ಸೊಸೆಯ ಜೀನುಗಳಲ್ಲಿ ಸರಾಸರಿ ನಾಲ್ಕರಲ್ಲೊಂದು ಭಾಗ ಒಂದೇ ಮೂಲದ್ದು. ಸೋದರ ಸಂಬಂಧದ ಮಕ್ಕಳಲ್ಲಿ ಎಂಟರಲ್ಲೊಂದು. ಹೀಗೆ ಮದುವೆಯಾದವರ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗಿಯೇ ಹುಟ್ಟುತ್ತಾರೆ ಎಂಬುದೂ ನಿಜ, ಆದ್ದರಿಂದ ಆದ ಮದುವೆಗೆ ಯಾರೂ ಭಯಪಡಬೇಕಿಲ್ಲ. ಆದರೆ ಮನೆತನದಲ್ಲಿ ಎಳೆಗೂಸುಗಳು ಸೋಂಕಿನಿಂದ ಸತ್ತಿದ್ದರೆ, ಅಲ್ಲಿಯೇ ಮತ್ತೆ ಹೆಣ್ಣು ಕೊಟ್ಟು ತರುವುದನ್ನು ನಿಲ್ಲಿಸಬೇಕು. ಆಸ್ತಿ ಹೊರಗೆ ಹೋಗಬಾರದೆಂಬ ಲೆಕ್ಕಕ್ಕಿಂತ ಈ ಲೆಕ್ಕ ದೊಡ್ಡದು.

ಮನೆಯವರು ನೋಡಬಹುದಾದದ್ದು

ಒಂದು ವರ್ಷದಲ್ಲಿ ಎರಡು ಸಲ ನ್ಯುಮೋನಿಯಾ, ತಿಂಗಳುಗಟ್ಟಲೆ ನಿಲ್ಲದ ಭೇದಿ, ಔಷಧಕ್ಕೆ ಬಗ್ಗದ ಬಾಯಿಯ ಬಿಳಿ ಹುಣ್ಣು, ಏರದ ತೂಕ, ಮತ್ತೆ ಮತ್ತೆ ಏಳುವ ಆಳವಾದ ಕುರು: ಇವು ಸಾಮಾನ್ಯ ನೆಗಡಿಯ ಸಾಲಿಗೆ ಸೇರಿದವಲ್ಲ. ಎಲ್ಲಕ್ಕಿಂತ ಮಿಗಿಲಾದ ಸುಳಿವು ಮನೆತನದ ನೆನಪು. ಅಜ್ಜಿಯಂದಿರನ್ನು ಕೇಳಿ ನೋಡಿರಿ, ಯಾವ ಮಗು ಎಷ್ಟು ತಿಂಗಳಿಗೆ, ಯಾವ ಕಾಯಿಲೆಯಿಂದ ಹೋಯಿತು ಎಂಬುದು ಅವರಿಗೆ ಇಂದಿಗೂ ನೆನಪಿರುತ್ತದೆ. ಅದನ್ನು ವೈದ್ಯರಿಗೆ ಹೇಳಬೇಕು, ವೈದ್ಯರು ಬರೆದುಕೊಳ್ಳದಿದ್ದರೆ ಬರೆದುಕೊಳ್ಳಿರೆಂದು ಹೇಳಬೇಕು.

ಮೊದಲ ಪರೀಕ್ಷೆ ದುಬಾರಿಯದಲ್ಲ. ತಾಲೂಕು ಆಸ್ಪತ್ರೆಯಲ್ಲಿಯೂ ಆಗುವ ಸಾಮಾನ್ಯ ರಕ್ತ ಎಣಿಕೆಯಲ್ಲಿ ಲಿಂಫೋಸೈಟ್ ಕಣಗಳ ಒಟ್ಟು ಸಂಖ್ಯೆ ನೋಡಬೇಕು. ದೊಡ್ಡವರಿಗೆ ಸಹಜವೆನಿಸುವ ಸಂಖ್ಯೆ ಎಳೆಗೂಸಿಗೆ ಸಹಜವಲ್ಲ; ಮೊದಲ ತಿಂಗಳುಗಳಲ್ಲಿ ಅದು ಮೂರು ಸಾವಿರಕ್ಕಿಂತ ಕೆಳಗಿದ್ದರೆ ತಜ್ಞರನ್ನು ಕೇಳಲೇಬೇಕು. ವರದಿಯ ಕಾಗದದಲ್ಲಿ ಆ ಸಂಖ್ಯೆಯನ್ನು ಯಾರೂ ಕೆಂಪು ಗೆರೆ ಹಾಕಿ ತೋರಿಸುವುದಿಲ್ಲ, ಶೇಕಡಾವಾರು ಮಾತ್ರ ಅಚ್ಚಾಗಿರುತ್ತದೆ. ಒಟ್ಟು ಬಿಳಿಕಣಗಳ ಸಂಖ್ಯೆಯಿಂದ ಗುಣಿಸಿ ತೆಗೆಯಬೇಕು. ಒಂದು ನಿಮಿಷದ ಲೆಕ್ಕ.

ಲಸಿಕೆಯ ವಿಷಯದಲ್ಲಿ ಒಂದು ಮಾತನ್ನು ಬಹಳ ಎಚ್ಚರದಿಂದ ಹೇಳುತ್ತೇವೆ, ತಪ್ಪಾಗಿ ತಿಳಿಯಬಾರದು. ಬಿಸಿಜಿ ಮತ್ತು ಬಾಯಿಗೆ ಹಾಕುವ ಪೋಲಿಯೋ ಹನಿಗಳಲ್ಲಿ ಬಲಗುಂದಿಸಿದ ಜೀವಂತ ಕ್ರಿಮಿಗಳಿರುತ್ತವೆ. ಎಲ್ಲ ಮಕ್ಕಳಿಗೂ ಅವು ಹಿತ, ಅಗತ್ಯ, ಯಾರೂ ತಪ್ಪಿಸಬಾರದು. ಆದರೆ ಸ್ಕಿಡ್ ಮಗುವಿಗೆ ಆ ಬಲಗುಂದಿದ ಕ್ರಿಮಿಯೇ ಮಾರಕವಾಗಬಲ್ಲದು. ಆದ್ದರಿಂದ ಮನೆಯಲ್ಲಿ ಹಿಂದೆ ಕೂಸುಗಳು ಸೋಂಕಿನಿಂದ ತೀರಿಹೋಗಿದ್ದರೆ ಮಾತ್ರ, ಹುಟ್ಟಿದ ದಿನದ ಬಿಸಿಜಿ ಮತ್ತು ಪೋಲಿಯೋ ಹನಿ ಹಾಕುವ ಮೊದಲು ಆ ಸಂಗತಿಯನ್ನು ಮಕ್ಕಳ ವೈದ್ಯರಿಗೆ ತಿಳಿಸಿ, ಅವರ ಮಾತಿನಂತೆ ನಡೆಯಬೇಕು. ಪೋಲಿಯೋ ಚುಚ್ಚುಮದ್ದಿನಲ್ಲಿ ಜೀವಂತ ಕ್ರಿಮಿಯಿಲ್ಲ.

ಹಣದ ಮಾತು ಬಂದೇ ಬರುತ್ತದೆ. ಬ್ರೂಟನ್ ಕಾಯಿಲೆಯ ಮಗುವಿಗೆ ಮೂರು-ನಾಲ್ಕು ವಾರಗಳಿಗೊಮ್ಮೆ, ಬದುಕಿರುವವರೆಗೆ, ಇಮ್ಯುನೋಗ್ಲಾಬ್ಯುಲಿನ್ ಬೇಕು. ಒಂದು ಸೀಸೆಯಲ್ಲಿ ಸಾವಿರಕ್ಕೂ ಹೆಚ್ಚು ದಾನಿಗಳ ರಕ್ತದ್ರವದ ಸಾರ ಸೇರಿರುತ್ತದೆ. ಮಗು ಬೆಳೆದಂತೆ ತೂಕಕ್ಕೆ ತಕ್ಕಂತೆ ಸೀಸೆಗಳೂ ಹೆಚ್ಚುತ್ತವೆ; ಮಗ ಬೆಳೆಯುವುದನ್ನು ಕಂಡು ತಂದೆ ಹೆದರುವ ರೋಗ ಇದೊಂದೇ ಇರಬೇಕು. ಕೇಂದ್ರ ಸರ್ಕಾರದ 2021ರ ಅಪರೂಪದ ರೋಗಗಳ ನೀತಿಯಲ್ಲಿ ಸ್ಕಿಡ್, ಕ್ರಾನಿಕ್ ಗ್ರಾನ್ಯುಲೊಮೇಟಸ್ ಕಾಯಿಲೆಗಳಂಥ ಕಸಿಯಿಂದ ಗುಣವಾಗುವ ರೋಗಗಳನ್ನು ಹೆಸರಿಸಲಾಗಿದೆ. 2022ರಲ್ಲಿ ನೆರವಿನ ಮಿತಿಯನ್ನು ಒಬ್ಬ ರೋಗಿಗೆ 50 ಲಕ್ಷ ರೂಪಾಯಿಗೆ ಏರಿಸಿದರು. ಅದನ್ನು ಗೊತ್ತುಮಾಡಿದ ಉತ್ಕೃಷ್ಟ ಕೇಂದ್ರಗಳ ಮೂಲಕವೇ ಪಡೆಯಬೇಕು. ಕರ್ನಾಟಕದಲ್ಲಿ ಅದು ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. ಬೆಂಗಳೂರಿಗೆ ಹೋಗುವ ಮೊದಲು ಹಳೆಯ ಎಲ್ಲ ಚೀಟಿ, ಎಕ್ಸ್-ರೇ, ವರದಿಗಳನ್ನು ಒಂದು ಕಡತದಲ್ಲಿ ಜೋಡಿಸಿಕೊಂಡು ಹೋಗಿರಿ. ಅರ್ಧ ಪ್ರಯಾಣ ಅಲ್ಲಿಗೇ ಉಳಿಯುತ್ತದೆ.

ಟಾನ್ಸಿಲ್ ಇಲ್ಲದ ಆ ಹುಡುಗ ಈಗ ಇಪ್ಪತ್ತೈದರ ಹರೆಯದವನು. ಹದಿನಾಲ್ಕು ತಿಂಗಳ ವಿಳಂಬದಲ್ಲಿ ಎಡ ಶ್ವಾಸಕೋಶದ ಕೆಳಭಾಗ ಶಾಶ್ವತವಾಗಿ ಹಾಳಾಗಿದೆ. ಮುಂಜಾನೆ ಬಹಳ ಹೊತ್ತು ಕೆಮ್ಮುತ್ತಾನೆ. ತಿಂಗಳಿಗೊಮ್ಮೆ ರಾತ್ರಿ ಬಸ್ಸಿಗೆ ಹೋಗಿ ಸೀಸೆ ಹಾಕಿಸಿಕೊಂಡು ಮರುರಾತ್ರಿ ಮರಳುತ್ತಾನೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ನಮ್ಮ ಮೇಲೆ ಅವನಿಗೆ ಕೋಪವಿಲ್ಲ. ಇದ್ದಿದ್ದರೆ ನಮಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. ಅವನ ರಕ್ತ ಊರಿಂದೂರಿಗೆ ಪ್ರಯಾಣ ಮಾಡಿ, ಜೀನಿನ ಯಾವ ಅಕ್ಷರ ತಪ್ಪಿದೆ ಎಂಬ ವರದಿ ಕೆಲವು ವರ್ಷಗಳ ಹಿಂದೆ ಬಂದಿದೆ.

ಕಳೆದ ತಿಂಗಳು ಅವನ ತಂಗಿ ಆ ವರದಿಯ ಪ್ರತಿಯನ್ನು ಹಿಡಿದು ನಮ್ಮಲ್ಲಿಗೆ ಬಂದಿದ್ದಳು. ಚೊಚ್ಚಲ ಬಸಿರು, ಏಳನೆಯ ತಿಂಗಳು. ಅವಳ ರಕ್ತದ ಪರೀಕ್ಷೆಯಾಗಿದೆ. ಅವಳಲ್ಲಿಯೂ ಆ ದೋಷದ ಒಂದು ಪ್ರತಿಯಿದೆ. ಹುಟ್ಟುವ ಮಗು ಗಂಡಾದರೆ ರೋಗದ ಸಾಧ್ಯತೆ ಅರ್ಧಕ್ಕರ್ಧ. ಹುಟ್ಟಿದಾಗ ಕೂಸಿನ ರಕ್ತದಲ್ಲಿ ತಾಯಿಯ ಪ್ರತಿಕಾಯಗಳೇ ಇರುವುದರಿಂದ ಇಮ್ಯುನೋಗ್ಲಾಬ್ಯುಲಿನ್ ಅಳೆದರೆ ಏನೂ ತಿಳಿಯದು, ಬಿ ಕಣಗಳನ್ನೇ ಎಣಿಸಬೇಕು. ಆ ಪರೀಕ್ಷೆ ಎಲ್ಲಿ ಆಗಬೇಕು, ಮಾದರಿಯನ್ನು ಯಾರು ಒಯ್ಯಬೇಕು ಎಂಬುದನ್ನು ಅವಳ ಅಣ್ಣನ ವೈದ್ಯರೊಡನೆ ದೂರವಾಣಿಯಲ್ಲಿ ಮಾತನಾಡಿ ಗೊತ್ತುಮಾಡಿದೆವು. ಹೆರಿಗೆಯ ಕಡತದ ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ ನಾವೇ ಬರೆದುಕೊಟ್ಟಿದ್ದೇವೆ: “ಗಂಡು ಮಗುವಾದಲ್ಲಿ ಬಿ ಕಣಗಳ ವರದಿ ಬರುವವರೆಗೆ ಬಾಯಿಗೆ ಪೋಲಿಯೋ ಹನಿ ಹಾಕಬಾರದು. ತಾಯಿಯ ಅಣ್ಣನಿಗೆ ಬ್ರೂಟನ್ ಕಾಯಿಲೆ. ಅಜ್ಜಿಯ ಇಬ್ಬರು ತಮ್ಮಂದಿರು ಬಾಲ್ಯದಲ್ಲಿಯೇ ತೀರಿಕೊಂಡಿದ್ದಾರೆ.”